ನಮ್ಮ ಆಯಿ ಎರಡು ರೋ ಅಲ್ಲ

ಹೋದ ರಜೆಯಲ್ಲಿ ನಾನು ನಮ್ಮ ಆಯಿಯನ್ನು ಎರಡು ತುಂಡು ಮಾಡಿದೆ. ಗಾಬರಿ ಆಗಬೇಡಿ, ಡೇಟಾಬೇಸ್‌ನಲ್ಲಿ. ಆಯಿ ಆರಾಮಾಗಿದ್ದಾಳೆ. ಈಗಲೂ ಬೆಳಿಗ್ಗೆ ಐದಕ್ಕೇ ಎದ್ದು ನನ್ನ ನಿದ್ದೆ ಕೆಡಿಸ್ತಾಳೆ.

ಆಗಿದ್ದು ಇಷ್ಟು. ಹಳೆಯ ಫೋಟೊಗಳ ಒಂದು ಆನ್‌ಲೈನ್ ಗ್ಯಾಲರಿ ಮಾಡೋಣ ಅಂತ ನಮ್ಮ ಕನ್ನಡ ಸಂಘದಲ್ಲಿ ಈ ವರ್ಷ ತೀರ್ಮಾನ ಆಯ್ತು. ಬೀದರ್ ಕೋಟೆ, ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗುಮ್ಮಟಗಳ ಫೋಟೊ ಬೇಕಂದ್ರೆ ನೂರು ಕಡೆ ಸಿಗುತ್ತವೆ. ಗುಲಾಂ ಯಾಜ್ದಾನಿ ಅವರು ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಮೇಲೆ 1947ರಲ್ಲೇ ದೊಡ್ಡ ಪುಸ್ತಕ ತಂದಿದ್ದಾರೆ, ಅದರಲ್ಲಿ ಕಲ್ಲು ಕಲ್ಲಿಗೂ ಫೋಟೊ ಇದೆ. ಆದರೆ ಅದೇ ಕಾಲದಲ್ಲಿ ಭಾಲ್ಕಿಯಲ್ಲೋ ಔರಾದಿನಲ್ಲೋ ಇದ್ದ ಒಂದು ಸಾಮಾನ್ಯ ಮನೆಯ ಜನ ಹೇಗೆ ಕಾಣ್ತಿದ್ದರು? ಅದು ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಯ ಕೆಳಗೆ, ಹಳೆಯ ಪೇಪರಿನಲ್ಲಿ ಸುತ್ತಿಟ್ಟಿದೆ. ಅದನ್ನ ಹೊರಗೆ ತರೋದು ನಮ್ಮ ಆಸೆ.

ಫೋಟೊ ತರೋ ಕೆಲಸ ಎಲ್ಲರದು. ಟೇಬಲ್ ಡಿಸೈನ್ ಕೆಲಸ ನನ್ನ ಪಾಲಿಗೆ ಬಂತು, ಯಾಕಂದ್ರೆ ಡಿಬಿಎಂಎಸ್ ಇಂಟರ್ನಲ್ಸ್‌ನಲ್ಲಿ ನನಗೆ ಮಾರ್ಕ್ಸ್ ಚೆನ್ನಾಗಿ ಬಂದಿತ್ತು. ನಾನು ಮಾಡಿದ್ದು ನೀವೂ ಮಾಡ್ತಿದ್ದ ಕೆಲಸವೇ. ಯೂಟ್ಯೂಬ್‌ನಲ್ಲಿ ಒಂದು ಫೋಟೊ ಗ್ಯಾಲರಿ ಟ್ಯುಟೋರಿಯಲ್ ಹಾಕಿದೆ, ಅದರಲ್ಲಿದ್ದ ಟೇಬಲ್ ಹಾಗೇ ಇಳಿಸಿದೆ. ಒಂದೇ ಟೇಬಲ್: ಐಡಿ, ಟೈಟಲ್, ತೆಗೆದ ತಾರೀಕು, ಸ್ಥಳ, ಟ್ಯಾಗ್ಸ್, ಫೈಲ್ ಎಲ್ಲಿದೆ ಅನ್ನೋ ದಾರಿ. ಒಂದು ಸಂಜೆಗೆ ಕೆಲಸ ಮುಗೀತು. ಒಂದು ತಿಂಗಳಲ್ಲಿ ಅದು ಪೂರ್ತಿ ಕೆಟ್ಟು ಹೋಯ್ತು.

ಕೋಡ್ ಕೆಟ್ಟಿರಲಿಲ್ಲ. ಎರರ್ ಒಂದೂ ಬರಲಿಲ್ಲ. ಟೇಬಲ್ ನಮ್ಮ ಜನರ ಬಗ್ಗೆ ಸುಳ್ಳು ಹೇಳೋಕೆ ಶುರು ಮಾಡಿತ್ತು, ಅಷ್ಟೇ. ಅದಕ್ಕೇ ಈ ಲೇಖನ. ನನ್ನ ಅಭಿಪ್ರಾಯ ಇದು: ಯಾವ ಕಾಲಂ ಇರಬೇಕು, ಯಾವುದು ಖಾಲಿ ಇರಬಹುದು, ಯಾವುದು ಒಂದೇ ಇರಬೇಕು ಅಂತ ನಾವು ಬರೆಯೋ ಪ್ರತಿ ಸಾಲೂ ಒಂದು ತೀರ್ಪು. ಬೀದರ್ ಜಿಲ್ಲೆಯ ಮನೆಗಳ ಫೋಟೊ ಇಡೋ ಟೇಬಲ್ಲನ್ನ ಬೀದರ್ ಜಿಲ್ಲೆಯ ಮನೆಗಳಲ್ಲಿ ಕೂತು ಡಿಸೈನ್ ಮಾಡಬೇಕು. ಯಾಕೆ ಅಂತ ಒಂದೊಂದಾಗಿ ಹೇಳ್ತೀನಿ.

ಜೂನ್ 1ಕ್ಕೆ ಹುಟ್ಟಿದವರು

ನಮ್ಮ ಅಪ್ಪನ ಜನ್ಮದಿನ ಜೂನ್ 1. ದೊಡ್ಡಪ್ಪನದೂ ಜೂನ್ 1. ನಿಮ್ಮ ಓಣಿಯಲ್ಲಿ ಅವರ ವಯಸ್ಸಿನ ನಾಲ್ಕು ಜನರ ಆಧಾರ್ ಕಾರ್ಡ್ ನೋಡಿ, ಇನ್ನೊಂದಾದರೂ ಜೂನ್ 1 ಸಿಗುತ್ತೆ. ಕಾರಣ ನಮಗೆಲ್ಲ ಗೊತ್ತು. ಶಾಲೆಗೆ ಹೆಸರು ಹಚ್ಚುವಾಗ ರಿಜಿಸ್ಟರ್‌ನಲ್ಲಿ ಹುಟ್ಟಿದ ತಾರೀಕು ಬರೆಯಲೇಬೇಕು. ಮನೆಯವರಿಗೆ "ಮಳಿಗಾಲ ಶುರುವಾಗಿತ್ತು ನೋಡ್ರಿ" ಅನ್ನೋದು ಬಿಟ್ಟು ಬೇರೆ ಗೊತ್ತಿಲ್ಲ. ಮಾಸ್ತರು ಜೂನ್ 1 ಅಂತ ಬರೆದು ಮುಂದಿನ ಹುಡುಗನನ್ನ ಕರೆದ್ರು.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಆ ಕಾಲಂ ನಾಟ್ ನಲ್ ಆಗಿತ್ತು. ಖಾಲಿ ಬಿಡುವ ಹಾಗಿರಲಿಲ್ಲ. ಖಾಲಿ ಬಿಡೋಕೆ ಜಾಗ ಕೊಡದ ಕಡೆ ಜನ ಸುಳ್ಳು ತುಂಬ್ತಾರೆ. ಅದು ಅವರ ತಪ್ಪಲ್ಲ, ಟೇಬಲ್ ಮಾಡಿದವರ ತಪ್ಪು.

ನಾನೂ ಅದೇ ಮಾಸ್ತರ ಕೆಲಸ ಮಾಡಿದ್ದೆ. ತಾರೀಕಿನ ಕಾಲಂ ಡೇಟ್ ಟೈಪು, ನಾಟ್ ನಲ್. ಗೆಳೆಯರು ಮನೆಯಿಂದ ತಂದ ಫೋಟೊಗಳಿಗೆ ತಾರೀಕು ಎಲ್ಲಿಂದ ಬರಬೇಕು? ವರ್ಷ ಗೊತ್ತಿದ್ದವರು ಜನವರಿ 1 ಅಂತ ಹಾಕಿದ್ರು. ಗೊತ್ತಿಲ್ಲದವರು ಖಾಲಿ ಬಿಟ್ಟಾಗ ನನ್ನ ಕೋಡ್ ಅದನ್ನ ಸೊನ್ನೆ ಮಾಡಿ ಕಳಿಸ್ತಿತ್ತು. ಕಂಪ್ಯೂಟರ್ ಲೆಕ್ಕದಲ್ಲಿ ಸೊನ್ನೆ ಅಂದ್ರೆ 1970ರ ಜನವರಿ 1. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಐದೂವರೆ. ಆಯಿ ಐದಕ್ಕೇ ಏಳ್ತಾಳೆ ನಿಜ. ಆದರೂ ಅವತ್ತು ಬೆಳಿಗ್ಗೆ ಐದೂವರೆಗೆ ಅರ್ಧ ಬೀದರ್ ಜಿಲ್ಲೆ ಫೋಟೊ ತೆಗೆಸಿಕೊಂಡಿತು ಅಂದ್ರೆ ಯಾರು ನಂಬ್ತಾರೆ?

ಇನ್ನೊಂದು ಮಜಾ. ಹಳೆಯ ಪ್ರಿಂಟನ್ನ ಎಲ್ಲರೂ ಮೊಬೈಲ್‌ನಲ್ಲಿ ಫೋಟೊ ಹೊಡೆದು ತರ್ತಾರೆ. ಫೈಲಿನ ಒಳಗೆ ಕ್ಯಾಮೆರಾ ತಾನೇ ಬರೆದಿಟ್ಟ ತಾರೀಕು ಇರುತ್ತೆ, ಅದಕ್ಕೆ ಎಕ್ಸಿಫ್ ಅಂತಾರೆ. ಅದನ್ನ ನಂಬಿದ್ರೆ ಬಾಲ್ಯದಲ್ಲಿ ತೀರಿಕೊಂಡ ದೊಡ್ಡಪ್ಪನ ಫೋಟೊ ಹೋದ ದೀಪಾವಳಿಗೆ ತೆಗೆದದ್ದು ಅಂತ ತೋರಿಸುತ್ತೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಥರ ಕಳಿಸಿದ್ರೆ ಅದೂ ಅಳಿಸಿಹೋಗಿರುತ್ತೆ. ಅಂದರೆ ಫೋಟೊ ಬೇರೆ, ಫೈಲ್ ಬೇರೆ. ಫೋಟೊ ತೆಗೆದ ದಿನ ಒಂದು, ಮೊಬೈಲಿಗೆ ಬಂದ ದಿನ ಇನ್ನೊಂದು. ಒಂದೇ ಫೋಟೊದ ಒಂದು ಪ್ರಿಂಟ್ ತವರುಮನೆಯಲ್ಲಿ, ಇನ್ನೊಂದು ಗಂಡನ ಮನೆಯಲ್ಲಿ ಇರಬಹುದು. ಪ್ರತಿ ಪ್ರಿಂಟಿಗೂ ಮುಖ ಒಂದು, ಬೆನ್ನು ಒಂದು. ಬೆನ್ನಿನ ಮೇಲೆ ಸ್ಟುಡಿಯೋದ ಸಿಕ್ಕೆ, ಪೆನ್ಸಿಲ್‌ನಲ್ಲಿ ಬರೆದ ಎರಡು ಅಕ್ಷರ. ಟ್ಯುಟೋರಿಯಲ್‌ನ ಒಂದೇ ರೋದಲ್ಲಿ ಇದೆಲ್ಲ ಎಲ್ಲಿ ಹಿಡಿಸುತ್ತೆ? ಈಗ ಫೋಟೊಗೆ ಒಂದು ಟೇಬಲ್, ಫೈಲಿಗೆ ಒಂದು ಟೇಬಲ್. ಚಿತ್ರ ಫೋಲ್ಡರ್‌ನಲ್ಲಿ ಇರುತ್ತೆ, ಟೇಬಲ್‌ನಲ್ಲಿ ಅದರ ದಾರಿ, ಸೈಜು, ಮುಂಭಾಗವೋ ಹಿಂಭಾಗವೋ ಅನ್ನೋದು ಮಾತ್ರ.

ತಾರೀಕಿಗೆ ಬರೋಣ. ನಮ್ಮ ಹಿರಿಯರಿಗೆ ಕಾಲ ಗೊತ್ತಿಲ್ಲ ಅಂತಲ್ಲ, ಅವರ ಲೆಕ್ಕ ಬೇರೆ. "ಬರಗಾಲ ಬಿದ್ದ ವರ್ಷ" ಅಂದ್ರೆ 1972ರ ಸುತ್ತಮುತ್ತ. "ಪೊಲೀಸ್ ಆಕ್ಷನ್ ಆದಮ್ಯಾಲ" ಅಂದ್ರೆ 1948ರ ಸೆಪ್ಟೆಂಬರ್ ಆದ ಮೇಲೆ. "ಭೂಕಂಪ ಆತಲ್ಲ, ಅದರ ಮರುವರ್ಷ ಜಾವಳ" ಅಂತ ಒಬ್ಬರು ಹೇಳಿದ್ರು. ಕಿಲ್ಲಾರಿ ಭೂಕಂಪ ಆಗಿದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ. ಹಾಗಾದ್ರೆ ಆ ಫೋಟೊ 1994. ಇದಕ್ಕಿಂತ ಒಳ್ಳೆ ಡೇಟಾ ಯಾವ ಕ್ಯಾಮೆರಾ ಕೊಡುತ್ತೆ ಹೇಳಿ?

ಹಾಗಾಗಿ ಈಗ ಒಂದರ ಬದಲು ಮೂರು ಕಾಲಂ ಇವೆ: ಯಾವಾಗಿನಿಂದ, ಯಾವಾಗಿನವರೆಗೆ, ಮತ್ತು ಅವರು ಹೇಳಿದ ಮಾತು ಇದ್ದ ಹಾಗೆ. ಮೊದಲೆರಡು ಹುಡುಕೋಕೆ, ವರ್ಷದ ಪ್ರಕಾರ ಜೋಡಿಸೋಕೆ. ಮೂರನೆಯದು ನಾವು ತಪ್ಪು ಲೆಕ್ಕ ಹಾಕಿದ್ದರೆ ನಾಳೆ ಯಾರಾದ್ರೂ ತಿದ್ದೋಕೆ. ಇದೇನು ನಾನು ಕಂಡುಹಿಡಿದದ್ದಲ್ಲ. ತಾರೀಕು ಬರೆಯೋ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಐಎಸ್ಒ 8601ಕ್ಕೆ 2019ರಲ್ಲಿ ಬಂದ ಎರಡನೇ ಭಾಗದಲ್ಲಿ "ಸುಮಾರು 1972", "ಎಪ್ಪತ್ತರ ದಶಕದ ಯಾವುದೋ ವರ್ಷ" ಅಂತ ಬರೆಯೋಕೂ ಪದ್ಧತಿ ಇದೆ. ಪ್ರಪಂಚದ ಲೈಬ್ರರಿಯವರಿಗೂ ಇದೇ ತಲೆನೋವು ಇತ್ತು ಅಂತ ಆಯ್ತು.

ಔರಾದ ಅಂದ್ರೆ ಯಾವ ಔರಾದ?

ಎರಡನೇ ತಪ್ಪು ಸ್ಥಳದ ಕಾಲಂ. ಅದನ್ನ ಖಾಲಿ ಟೆಕ್ಸ್ಟ್ ಬಾಕ್ಸ್ ಮಾಡಿ ಬಿಟ್ಟಿದ್ದೆ. ಒಂದು ತಿಂಗಳಾದ ಮೇಲೆ ನೋಡಿದ್ರೆ ಒಬ್ಬರು ಬೀದರ್, ಒಬ್ಬರು ಬೀದರ, ಒಬ್ಬರು ಬಿದರ್, ಇನ್ನಿಬ್ಬರು ಇಂಗ್ಲಿಷ್‌ನಲ್ಲಿ. ಇದು ಹೋಗಲಿ ಅಂದ್ರೆ, ಕಣ್ಣಿಗೆ ಒಂದೇ ಥರ ಕಾಣೋ ಎರಡು "ಬೀದರ್" ಬೇರೆ ಬೇರೆ ಊರಾಗಿ ಕೂತಿದ್ದವು. ಒಂದು ರಾತ್ರಿ ಪೂರ್ತಿ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯ್ತು. "ಬೀದರ್‌ನಲ್ಲಿ" ಅಂತ ಟೈಪ್ ಮಾಡುವಾಗ "ರ್" ಆದ ಮೇಲೆ ಕಣ್ಣಿಗೆ ಕಾಣದ ಒಂದು ಯುನಿಕೋಡ್ ಅಕ್ಷರ ಬರುತ್ತೆ, ಮುಂದಿನ "ನ" ಒತ್ತಕ್ಷರ ಆಗದ ಹಾಗೆ ತಡೆಯೋಕೆ. ಯಾರೋ ಆ ಪದದಿಂದ "ನಲ್ಲಿ" ಅಳಿಸಿದ್ದಾರೆ, ಕಾಣದ ಅಕ್ಷರ ಹಾಗೇ ಉಳಿದಿದೆ. ನಮಗೆ ಒಂದೇ ಊರು, ಕಂಪ್ಯೂಟರಿಗೆ ಎರಡು. ಕನ್ನಡದಲ್ಲಿ ಡೇಟಾ ಇಡೋರೆಲ್ಲ ಸೇವ್ ಮಾಡೋ ಮುಂಚೆ ಇದನ್ನ ತೆಗೆದು ಹಾಕಿ. ಇಂಗ್ಲಿಷ್ ಟ್ಯುಟೋರಿಯಲ್‌ನವರಿಗೆ ಈ ಕಷ್ಟ ಬರಲ್ಲ, ಅದಕ್ಕೇ ಅವರು ಹೇಳಿಕೊಡಲ್ಲ.

ಸರಿ, ಸ್ಪೆಲಿಂಗ್ ತಿದ್ದಿದೆವು. ಈಗ "ಔರಾದ" ಅಂತ ಬರೆದಿದ್ದಾರೆ. ಯಾವ ಔರಾದ? ನಮ್ಮ ತಾಲ್ಲೂಕು ಕೇಂದ್ರಕ್ಕೆ ಸರ್ಕಾರಿ ಕಾಗದದಲ್ಲಿ ಔರಾದ (ಬಿ) ಅಂತ ಬಾಲ ಇರುತ್ತೆ. ಗಡಿ ದಾಟಿದರೆ ಲಾತೂರ್ ಜಿಲ್ಲೆಯ ನಿಲಂಗಾ ತಾಲ್ಲೂಕಿನಲ್ಲಿ ಔರಾದ ಶಹಾಜನಿ. ಎರಡೂ ಕಡೆ ನೆಂಟಸ್ತನ ಇರೋ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೆಸರು ಯಾವತ್ತೂ ಕೀ ಆಗಲ್ಲ ಅಂತ ಕ್ಲಾಸಿನಲ್ಲಿ ಓದಿದ್ದೆ, ಅರ್ಥ ಆಗಿದ್ದು ಅವತ್ತು. ಊರಿಗೆ ಒಂದು ಐಡಿ ಬೇಕು. ಹೆಸರು ಅದಕ್ಕೆ ಅಂಟಿಸೋ ಚೀಟಿ.

ಇನ್ನು ಜಿಲ್ಲೆ. ಫೋಟೊ ಟೇಬಲ್‌ನಲ್ಲೇ ಜಿಲ್ಲೆ, ರಾಜ್ಯ ಅಂತ ಎರಡು ಕಾಲಂ ಸೇರಿಸು ಅಂತ ಒಬ್ಬರು ಹೇಳಿದ್ರು. ನಾನೂ ಸೇರಿಸಿದೆ. ಆಮೇಲೆ 1950ರ ಹತ್ತಿರದ ಒಂದು ಮದುವೆ ಫೋಟೊ ಬಂತು, ಉದಗೀರದ್ದು. ಈಗ ಉದಗೀರ ಲಾತೂರ್ ಜಿಲ್ಲೆ, ಮಹಾರಾಷ್ಟ್ರ. ಫೋಟೊ ತೆಗೆದಾಗ? ಬೀದರ್ ಜಿಲ್ಲೆ, ಹೈದರಾಬಾದ್ ರಾಜ್ಯ! 1956ರ ನವೆಂಬರ್ 1ರಂದು ನಮ್ಮ ಜಿಲ್ಲೆಯನ್ನ ಮೂರು ಕಡೆ ಹಂಚಿದ್ರು. ಬೀದರ್, ಭಾಲ್ಕಿ, ಔರಾದ, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ, ಅಹ್ಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಮುಂಬಯಿ ರಾಜ್ಯ 1960ರಲ್ಲಿ ಒಡೆದು ಮಹಾರಾಷ್ಟ್ರ ಆಯ್ತು, 1982ರಲ್ಲಿ ಉಸ್ಮಾನಾಬಾದ್ ಒಡೆದು ಲಾತೂರ್ ಜಿಲ್ಲೆ ಆಯ್ತು. ನಮ್ಮ ಆಯಿ ಔರಾದ ತಾಲ್ಲೂಕಿನವಳು. ಹುಟ್ಟಿದಾಗ ಹೈದರಾಬಾದ್ ರಾಜ್ಯ, ಆಮೇಲೆ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ. ಅವಳ ತವರುಮನೆಯ ಕಟ್ಟೆ ಕೂತಲ್ಲೇ ಕೂತು ಮೂರು ರಾಜ್ಯ ನೋಡಿದೆ. ಕಮಲನಗರ ಮೊನ್ನೆ ಮೊನ್ನೆಯವರೆಗೆ ಔರಾದ ತಾಲ್ಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲ್ಲೂಕು.

ನಾರ್ಮಲೈಸೇಷನ್ ಪಾಠದಲ್ಲಿ ಟ್ರಾನ್ಸಿಟಿವ್ ಡಿಪೆಂಡೆನ್ಸಿ ಅಂತ ಬರುತ್ತೆ. ಎಲ್ಲರೂ ಬಾಯಿಪಾಠ ಮಾಡಿ ಬರೆದು ಬರ್ತೀವಿ. ಅದರ ಅರ್ಥ ಇಷ್ಟೇ: ಜಿಲ್ಲೆ ಅನ್ನೋದು ಫೋಟೊದ ಗುಣ ಅಲ್ಲ, ಊರಿನ ಗುಣ. ಫೋಟೊದ ಜೊತೆ ಊರಿನ ಐಡಿ ಮಾತ್ರ ಇಡು. ಊರು ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾವ ಜಿಲ್ಲೆಯಲ್ಲಿತ್ತು ಅನ್ನೋದಕ್ಕೆ ಬೇರೆ ಟೇಬಲ್ ಮಾಡು. ಈಗ ಹಾಗೇ ಇದೆ. ನಾಳೆ ಇನ್ನೊಂದು ತಾಲ್ಲೂಕು ಹುಟ್ಟಿದ್ರೂ ಒಂದು ರೋ ಸೇರಿಸಿದ್ರೆ ಸಾಕು, ಒಂದು ಫೋಟೊವನ್ನೂ ಮುಟ್ಟಬೇಕಿಲ್ಲ.

ಊರಿನ ಹೆಸರಿಗೂ ಬೇರೆ ಟೇಬಲ್: ಹೆಸರು, ಭಾಷೆ, ಲಿಪಿ. ಒಂದು ಊರಿಗೆ ಕನ್ನಡ, ಮರಾಠಿ, ಉರ್ದು, ತೆಲುಗು ಎಷ್ಟು ಹೆಸರಾದರೂ ಇರಲಿ. "ಕನ್ನಡ ಸಂಘದ ಗ್ಯಾಲರಿಯಲ್ಲಿ ಉರ್ದು ಹೆಸರು ಯಾಕೆ?" ಅಂತ ಒಬ್ಬರು ಕೇಳಿದ್ರು. ನನ್ನ ಉತ್ತರ ಭಾಲ್ಕಿಯಲ್ಲಿದೆ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದ್ರು ಅನ್ನೋದು ನಮ್ಮ ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತು. ಆ ಕಾಲದ ಅಂಥ ಒಂದು ಶಾಲೆಯ ಫೋಟೊ ನಮಗೆ ಸಿಕ್ಕಿದ್ರೆ, ಬೋರ್ಡಿನ ಮೇಲಿನ ಉರ್ದು ಅಕ್ಷರ ಬಿಟ್ಟು ಕನ್ನಡ ಹೆಸರು ಮಾತ್ರ ಬರೆದ್ರೆ ಅವರ ಧೈರ್ಯವೇ ಕಾಣದ ಹಾಗೆ ಮಾಡಿದಂತೆ. ಎರಡೂ ಹೆಸರು ಇದ್ದರೇ ಕಥೆ ಪೂರ್ತಿ.

ಮತ್ತೆ ಈಗ ಇಲ್ಲದ ಊರು. ನನ್ನ ರೂಂಮೇಟ್‌ನ ತಾಯಿ ಭಾಲ್ಕಿ ತಾಲ್ಲೂಕಿನವರು, ಅವರ ಹಳೆಯ ಮನೆ ಕಾರಂಜಾ ಹಿನ್ನೀರಿನಲ್ಲಿ ಹೋಗಿದೆ. ಮನೆ ಮುಂದೆ ಎತ್ತು ಹಿಡಿದು ನಿಂತ ಅವರ ಅಪ್ಪನ ಒಂದು ಫೋಟೊ ಇದೆ. ನಮ್ಮ ಫಾರ್ಮ್ ಮ್ಯಾಪಿನಲ್ಲಿ ಊರು ಆರಿಸಿ ಅಂತ ಕೇಳ್ತಿತ್ತು. ಮ್ಯಾಪಿನಲ್ಲಿ ಅಲ್ಲಿ ನೀಲಿ ಬಣ್ಣ. ಹೊಸ ಜಾಗದಲ್ಲಿ ಕಟ್ಟಿದ ಊರಿಗೂ ಅದೇ ಹೆಸರು. ಅವರು ಪಾಪ ಹೊಸ ಊರನ್ನೇ ಒತ್ತಿ ಸುಮ್ಮನಾಗಿದ್ರು. "ಹಳಿ ಊರ್ ಇದರಾಗ ಇಲ್ಲೇನ್ರಿ?" ಅಂತ ಕೇಳಿದ್ರಂತೆ. ಈಗ ಹಳೆ ಊರಿಗೆ ತನ್ನದೇ ಐಡಿ ಇದೆ, "ಎಲ್ಲಿಯವರೆಗೆ ಇತ್ತು" ಅನ್ನೋ ಕಾಲಂ ಇದೆ. ನೀರಿನಲ್ಲಿ ಮುಳುಗಿದ ಊರನ್ನ ಟೇಬಲ್‌ನಲ್ಲೂ ಮುಳುಗಿಸೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಯಾರ ಕಾಕಾ?

ಮೂರನೆಯದು, ಎಲ್ಲಕ್ಕಿಂತ ದೊಡ್ಡ ತಪ್ಪು. ಫೋಟೊದಲ್ಲಿ ಇರುವವರು ಯಾರು ಅನ್ನೋದಕ್ಕೆ ಟ್ಯುಟೋರಿಯಲ್‌ನಲ್ಲಿ ಒಂದೇ ಕಾಲಂ ಇತ್ತು, ಟ್ಯಾಗ್ಸ್. ಕಾಮಾ ಹಾಕಿ ಹಾಕಿ ಬರೆಯಬೇಕು. ಜನ ಏನು ಬರೆದ್ರು ಅಂದ್ರೆ: "ಮುತ್ಯಾ, ಆಯಿ, ಕಾಕಾ, ಸಣ್ಣ ಅತ್ತಿ". ಸರ್ಚ್‌ನಲ್ಲಿ "ಆಯಿ" ಅಂತ ಹುಡುಕಿದ್ರೆ ಇಡೀ ಜಿಲ್ಲೆಯ ಆಯಿಯರೆಲ್ಲ ಸಾಲಾಗಿ ಬಂದು ಕೂತರು. ನೋಡೋಕೆ ಚಂದ ಇತ್ತು, ಉಪಯೋಗ ಏನೂ ಇಲ್ಲ. ಕಾಕಾ ಅನ್ನೋದು ಒಬ್ಬ ಮನುಷ್ಯನ ಹೆಸರಲ್ಲ, ಇಬ್ಬರ ನಡುವಿನ ಸಂಬಂಧ. ನನಗೆ ಕಾಕಾ ಆದವರು ನಮ್ಮ ಅಪ್ಪನಿಗೆ ತಮ್ಮ.

ಅದಕ್ಕೆ ಟ್ಯಾಗ್ಸ್ ಕಾಲಂ ತೆಗೆದು, ವ್ಯಕ್ತಿಗೆ ಒಂದು ಟೇಬಲ್ ಮಾಡಿದೆ. ಒಂದು ಫೋಟೊದಲ್ಲಿ ಹತ್ತು ಜನ, ಒಬ್ಬರು ಹತ್ತು ಫೋಟೊದಲ್ಲಿ ಇರಬಹುದು. ಹಾಗಾಗಿ ನಡುವೆ ಇನ್ನೊಂದು ಟೇಬಲ್: ಈ ಫೋಟೊ, ಈ ವ್ಯಕ್ತಿ, ಎಡದಿಂದ ಎಷ್ಟನೆಯವರು, ಹಾಗಂತ ಹೇಳಿದವರು ಯಾರು. ವ್ಯಕ್ತಿ ಟೇಬಲ್‌ನಲ್ಲಿ ಹೆಸರಿನ ಕಾಲಂ ಒಂದು. ಈಗಾದ್ರೂ ಸರಿಯಾಯ್ತು ಅಂದುಕೊಂಡೆ.

ನಮ್ಮ ಮನೆಯ ಎರಡು ಫೋಟೊ ನಾನೇ ಹಾಕಿದೆ. ಒಂದು ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ತೆಗೆಸಿದ್ದು. ಬಣ್ಣ ಬಳಿದ ಪರದೆಯ ಮುಂದೆ ಎರಡು ಜಡೆ ಹಾಕಿದ ಹುಡುಗಿ, ಕ್ಯಾಮೆರಾ ನೋಡಿ ಹೆದರಿದ್ದಾಳೆ. ಹಿಂದೆ ಪೆನ್ಸಿಲ್‌ನಲ್ಲಿ ಒಂದು ಹೆಸರಿದೆ, ಅದನ್ನೇ ಟೈಪ್ ಮಾಡಿದೆ. ಇನ್ನೊಂದು ಭಾಲ್ಕಿಯಲ್ಲಿ ತೆಗೆಸಿದ್ದು. ತಲೆ ಮೇಲೆ ಸೆರಗು ಹೊತ್ತ ಹೆಂಗಸು, ತೊಡೆ ಮೇಲೆ ನಮ್ಮ ಅಪ್ಪ. ಆಧಾರ್ ಕಾರ್ಡಿನಲ್ಲಿರೋ ನಮ್ಮ ಆಯಿಯ ಹೆಸರು ಹಾಕಿದೆ. ಲ್ಯಾಪ್‌ಟಾಪ್ ತೆಗೆದು ಆಯಿಗೆ ತೋರಿಸಿದೆ. ಗ್ಯಾಲರಿಯಲ್ಲಿ ಎರಡು ಹೆಸರು, ಇಬ್ಬರು ಜನ.

ಆಯಿ ಬಹಳ ಹೊತ್ತು ನೋಡಿದಳು. ಆಮೇಲೆ ಅಂದಳು: "ಎರಡೂ ನಾನೇ ಇದ್ದೀನಲ್ಲ. ಇಬ್ಬರನ್ನ ಯಾಕ ಮಾಡೀರಿ?"

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಹೆಣ್ಣಿಗೆ ಹೊಸ ಹೆಸರು ಇಡ್ತಾರೆ. ಅಡ್ಡಹೆಸರು ಮಾತ್ರ ಅಲ್ಲ, ಕರೆಯೋ ಹೆಸರೇ ಬದಲು. ಇದು ನನಗೆ ಗೊತ್ತಿತ್ತು, ಆದರೆ ನಮ್ಮ ಆಯಿಗೂ ಹಾಗೆ ಒಂದು ಹೆಸರಿತ್ತು ಅಂತ ಹತ್ತೊಂಬತ್ತು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಆ ಹೆಸರಿನಿಂದ ಕರೆಯೋರು ಈಗ ಒಬ್ಬರೇ ಉಳಿದಿದ್ದಾರಂತೆ, ಔರಾದಿನಲ್ಲಿರೋ ಅವಳ ತಮ್ಮ. ಅವರೂ ಹೋದರೆ ಆ ಹುಡುಗಿ ಯಾರು ಅಂತ ಹೇಳೋಕೆ ಯಾರೂ ಇರಲ್ಲ. ಟೇಬಲ್ ಆ ಹುಡುಗಿಯನ್ನ ಯಾರೋ ಗೊತ್ತಿಲ್ಲದವಳು ಅಂತ ಇಟ್ಟುಕೊಂಡು ಕೂತಿರುತ್ತೆ. ಪ್ರೈಮರಿ ಕೀ ಯುನೀಕ್ ಆಗಿದೆ, ಫಾರಿನ್ ಕೀ ಎಲ್ಲ ಸರಿ ಇದೆ, ಎರರ್ ಇಲ್ಲ. ನಮ್ಮ ಆಯಿ ಅರ್ಧ ಇಲ್ಲ.

ಅವತ್ತು ರಾತ್ರಿಯೇ ಹೆಸರಿಗೆ ಬೇರೆ ಟೇಬಲ್ ಮಾಡಿದೆ. ವ್ಯಕ್ತಿಯ ಐಡಿ, ಹೆಸರು, ಯಾವ ತರಹದ ಹೆಸರು (ತವರಿನದು, ಗಂಡನ ಮನೆಯದು, ಶಾಲೆಯದು, ಕರೆಯೋದು), ಯಾವಾಗಿನಿಂದ ಯಾವಾಗಿನವರೆಗೆ. ಒಬ್ಬ ವ್ಯಕ್ತಿ, ಬೇಕಾದಷ್ಟು ಹೆಸರು. ಟೆಕ್ನಿಕಲ್ ಆಗಿ ಹತ್ತು ನಿಮಿಷದ ಕೆಲಸ. ಆದರೆ ಆಯಿಗೆ ತೋರಿಸದೇ ಇದ್ದಿದ್ರೆ ಆ ಟೇಬಲ್ ಬೇಕು ಅಂತಲೇ ಗೊತ್ತಾಗ್ತಿರಲಿಲ್ಲ.

ಇಷ್ಟೆಲ್ಲ ಬೇಕಾ?

ಸಂಘದಲ್ಲಿ ಇದಕ್ಕೆ ವಿರೋಧ ಬಂತು, ನ್ಯಾಯವಾಗಿಯೇ ಬಂತು. ಒಬ್ಬ ಸೀನಿಯರ್ ಅಕ್ಕ ಹೇಳಿದ್ರು, "ಇನ್ನೂರು ಫೋಟೊಗೆ ಎಂಟು ಟೇಬಲ್ಲಾ? ಒಂದು ಎಕ್ಸೆಲ್ ಶೀಟ್ ಸಾಕು ಮಾರಾಯಾ." ಗೂಗಲ್ ಫೋಟೋಸ್‌ಗೆ ಹಾಕಿದ್ರೆ ಅದೇ ಮುಖ ಗುರುತಿಸುತ್ತಲ್ಲ ಅಂತ ಇನ್ನೊಬ್ಬರು.

ಅವರ ಮಾತಿನಲ್ಲಿ ಒಂದು ಭಾಗ ಸರಿ. ಟೇಬಲ್ ಜಾಸ್ತಿ ಆದಷ್ಟು ತುಂಬೋರಿಗೆ ಬೇಜಾರು. ಇಪ್ಪತ್ತು ಬಾಕ್ಸ್ ಇರೋ ಫಾರ್ಮ್ ನೋಡಿದ್ರೆ ಯಾರೂ ಫೋಟೊ ಕೊಡಲ್ಲ. ಅದಕ್ಕೆ ಫಾರ್ಮ್ ಚಿಕ್ಕದು ಮಾಡಿದೀವಿ. ಫೋಟೊ ಹಾಕಿ, ಅದರ ಬಗ್ಗೆ ಮನೆಯವರು ಏನು ಹೇಳಿದ್ರೋ ಅದನ್ನ ಅವರ ಮಾತಿನಲ್ಲೇ ಬರೆಯಿರಿ ಅಥವಾ ರೆಕಾರ್ಡ್ ಮಾಡಿ, ಸಾಕು. ಅದನ್ನ ಬಿಡಿಸಿ ಟೇಬಲ್‌ಗಳಿಗೆ ಹಾಕೋದು ನಮ್ಮ ಕೆಲಸ. ಕಷ್ಟ ಡಿಸೈನ್ ಮಾಡೋರಿಗೆ ಇರಲಿ, ಆಯಿಗೆ ಬೇಡ.

ಇನ್ನೊಂದು ಭಾಗ ನಾನು ಒಪ್ಪಲ್ಲ. ಮೆಷಿನ್ ಎರಡು ಮುಖ ಒಂದೇ ಅಂತ ಹೇಳಬಹುದು, ಹೇಳದೇನೂ ಇರಬಹುದು. ಆ ಮುಖಕ್ಕೆ ಎರಡು ಹೆಸರು ಯಾಕೆ ಬಂತು ಅಂತ ಅದು ಹೇಳಲ್ಲ. ಎಕ್ಸೆಲ್ ಶೀಟಿನಲ್ಲಿ ಆ ಎರಡನೇ ಹೆಸರು ಎಲ್ಲಿ ಬರೀತೀರಿ? ಬ್ರಾಕೆಟ್‌ನಲ್ಲಿ? ಯಾವ ಹೆಸರು ಬ್ರಾಕೆಟ್‌ನ ಒಳಗೆ, ಯಾವುದು ಹೊರಗೆ?

ಇನ್ನು ಹಾಕದೇ ಬಿಟ್ಟ ಕಾಲಂ ಬಗ್ಗೆಯೂ ಹೇಳಬೇಕು. ಜನ ತಮ್ಮವರ ಫೋಟೊ ಬೇಗ ಹುಡುಕಲಿ ಅಂತ "ಸಮಾಜ" ಅಂತ ಒಂದು ಕಾಲಂ ಇರಲಿ ಅನ್ನೋ ಸಲಹೆ ಬಂತು. ಸಮಾಜ ಅಂದ್ರೆ ಏನು ಅಂತ ನಿಮಗೆ ಗೊತ್ತು. ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಒಮ್ಮೆ ಕಾಲಂ ಬಂದ್ರೆ ಫಿಲ್ಟರ್ ಬರುತ್ತೆ, ಫಿಲ್ಟರ್ ಬಂದ್ರೆ ಗ್ಯಾಲರಿಯಲ್ಲಿ ಓಣಿಗಳು ಬರ್ತವೆ. ಬಸವಕಲ್ಯಾಣ ಇರೋ ಜಿಲ್ಲೆಯಲ್ಲಿ ಕೂತು ಅದನ್ನ ಮಾಡೋಕೆ ನನ್ನ ಕೈ ಬರಲಿಲ್ಲ. ಓಟು ಹಾಕಿದೆವು, ಕಾಲಂ ಬೇಡ ಅಂತ ಆಯ್ತು.

ಮೂರನೇ ತರಹದ ಖಾಲಿ

ರಿಲೇಷನಲ್ ಮಾಡೆಲ್ ತಂದ ಎಡ್ಗರ್ ಕಾಡ್ ಅವರ ಪ್ರಸಿದ್ಧ ಪೇಪರ್ ಬಂದಿದ್ದು 1970ರ ಜೂನ್‌ನಲ್ಲಿ. 1990ರ ತಮ್ಮ ಪುಸ್ತಕದಲ್ಲಿ ಅವರು ಖಾಲಿ ಜಾಗವನ್ನ ಎರಡು ತರಹ ಅಂತ ಬೇರೆ ಮಾಡಿದ್ರು. ಒಂದು, ಉತ್ತರ ಇದೆ ಆದರೆ ನಮಗೆ ಗೊತ್ತಿಲ್ಲ. ಇನ್ನೊಂದು, ಆ ಪ್ರಶ್ನೆಯೇ ಇವರಿಗೆ ಅನ್ವಯಿಸಲ್ಲ. ಮದುವೆಯಾಗದವರಿಗೆ ಗಂಡನ ಮನೆಯ ಹೆಸರು ಕೇಳಿದ ಹಾಗೆ.

ಮೂರನೆಯದೊಂದು ನನಗೆ ಮನೆಯಲ್ಲಿ ಸಿಕ್ಕಿತು. ಟೇಬಲ್ ಸರಿ ಮಾಡಿದ ಮೇಲೆ ಆಯಿಯನ್ನ ಕೇಳಿದೆ, ನಿನ್ನ ಎರಡೂ ಹೆಸರು ಗ್ಯಾಲರಿಯಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಲಾ ಅಂತ. ಫೋಟೊ ಹಾಕು ಅಂದಳು. ಭಾಲ್ಕಿ ಫೋಟೊದ ಹೆಸರೂ ಹಾಕು ಅಂದಳು. ತವರಿನ ಹೆಸರಿಗೆ ಮಾತ್ರ, "ಅದು ನಮ್ಮ ಮನಿ ಮಂದಿಗಿ ಇರ್ಲಿ" ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ. ಗೊತ್ತಿದೆ, ಆದರೆ ಹೇಳಲ್ಲ. ಇದೂ ಒಂದು ಉತ್ತರ, ಇದಕ್ಕೂ ಕಾಲಂ ಬೇಕು. ಈಗ ಪ್ರತಿ ಹೆಸರಿಗೂ, ಪ್ರತಿ ಫೋಟೊಗೂ "ಯಾರು ನೋಡಬಹುದು" ಅಂತ ಒಂದು ಕಾಲಂ ಇದೆ: ಎಲ್ಲರೂ, ಮನೆಯವರು, ಯಾರೂ ಇಲ್ಲ. ಏನೂ ಹೇಳದಿದ್ರೆ "ಮನೆಯವರು" ಅಂತ ತಾನೇ ಕೂರುತ್ತೆ. ನಾಳೆ ಯಾರಾದ್ರೂ ಬಂದು ನಮ್ಮ ಅವ್ವನ ಫೋಟೊ ತೆಗೀರಿ ಅಂದ್ರೆ ಕಾರಣ ಕೇಳದೆ ತೆಗೆಯಬೇಕು ಅಂತ ನಿಯಮ ಮಾಡಿದೀವಿ. ಆಯಿಯ ಎರಡು ಹೆಸರೂ ಈ ಲೇಖನದಲ್ಲಿ ಯಾಕಿಲ್ಲ ಅಂತ ಯೋಚಿಸ್ತಿದ್ರೆ, ಇದೇ ಕಾರಣ. ಗ್ಯಾಲರಿಗೆ ಒಪ್ಪಿದಳು, ಲೇಖನಕ್ಕೆ ಕೇಳಿಲ್ಲ.

ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಡೇಟಾಬೇಸ್ ಕಲಿತದ್ದು ಇಂಗ್ಲಿಷ್‌ನಲ್ಲೇ, ಈ ಲೇಖನದ ಕಾಗುಣಿತ ತಿದ್ದಿದ್ದು ಸಂಘದ ಗೆಳೆಯರು. ಪರೀಕ್ಷೆಯಲ್ಲಿ ಎಂಪ್ಲಾಯೀ, ಡಿಪಾರ್ಟ್‌ಮೆಂಟ್ ಟೇಬಲ್ ಬರೆದು ಬರೆದು, ಟೇಬಲ್ ಅಂದ್ರೆ ಬೇರೆಯವರ ಆಫೀಸಿನ ಸಾಮಾನು ಅಂತ ಅನಿಸಿಬಿಟ್ಟಿತ್ತು. ನಮ್ಮ ಮನೆಗೂ ಒಂದು ಸ್ಕೀಮಾ ಇದೆ, ಅದು ಆಯಿಯ ತಲೆಯಲ್ಲಿದೆ ಅಂತ ಈಗ ಗೊತ್ತಾಗಿದೆ. ಅದನ್ನ ಇಳಿಸಿಕೊಳ್ಳೋಕೆ ನಮಗೆ ಬಹಳ ವರ್ಷ ಟೈಮಿಲ್ಲ.

ಅದಕ್ಕೇ ಒಂದು ವಿನಂತಿ. ಮುಂದಿನ ರಜೆಗೆ ಊರಿಗೆ ಹೋದಾಗ ಟ್ರಂಕ್ ತೆಗೆಸಿ. ಫೋಟೊದ ಮುಂದೊಂದು, ಹಿಂದೊಂದು ಫೋಟೊ ಹೊಡೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಅಂತ ಕಳಿಸಿ. ತಾರೀಕು ಕೇಳಬೇಡಿ, "ಆಗ ಏನಾಗಿತ್ತು" ಅಂತ ಕೇಳಿ. ಹೆಸರು ಕೇಳುವಾಗ "ತವರಿನಾಗ ನಿನಗ ಏನಂತ ಕರಿತಿದ್ರು?" ಅಂತ ಒಂದು ಪ್ರಶ್ನೆ ಜಾಸ್ತಿ ಕೇಳಿ. ಹೇಳಿದ್ರೆ ಬರೆದುಕೊಳ್ಳಿ, ಹೇಳದಿದ್ರೆ ಬಿಡಿ, ಅದಕ್ಕೂ ನಮ್ಮಲ್ಲಿ ಜಾಗ ಇದೆ. ಎಂಟು ಟೇಬಲ್ ಜಾಸ್ತಿ ಅನ್ನೋರು ಶನಿವಾರ ಸಂಜೆ ಸಂಘದ ರೂಮಿಗೆ ಬಂದು ಜಗಳ ಮಾಡಿ. ಬರುವಾಗ ಒಂದು ಫೋಟೊ ತನ್ನಿ.